ಮೈಸೂರು ಬೆಳೆದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ನಾಲ್ಕಾರು ಜನರೊಂದಿಗೆ ಮೈಸೂರಿನ ಹಳೆಯ ಬೀದಿಗಳಲ್ಲಿ ನಡೆಯುವುದು ನನಗೆ ಬಹುಕಾಲದ ಅಭ್ಯಾಸ. ನಡಿಗೆ ಮುಗಿದು ದೋಸೆ ಬರುವವರೆಗಿನ ಹೊತ್ತಿನಲ್ಲಿ ಕೇಳಿದ ಪ್ರಶ್ನೆಗಳು, ಆಮೇಲೆ ಪತ್ರದಲ್ಲಿ ಬಂದವು, ಮದುವೆ ಮನೆಗಳಲ್ಲಿ ನೆಂಟರು ಹಿಡಿದು ನಿಲ್ಲಿಸಿ ಕೇಳಿದವು ಇಲ್ಲಿವೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಪ್ರಶ್ನೆಯನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲ ಪಾಠ

ಊರನ್ನು ಯಾರಾದರೂ ಬೆಳೆಸುತ್ತಾರೋ, ಇಲ್ಲ ತಾನಾಗಿಯೇ ಬೆಳೆಯುತ್ತದೋ?

ಎರಡೂ ಉಂಟು. ಮೈಸೂರನ್ನು ಬೆಳೆಸಿದ್ದು ಸಿಂಹಾಸನ. ಟಿಪ್ಪು ಸುಲ್ತಾನ ಇಲ್ಲಿನ ಕೋಟೆಯನ್ನು ಕೆಡವಿಸಿ, ಅದೇ ಕಲ್ಲುಗಳನ್ನು ಪೂರ್ವದ ದಿಣ್ಣೆಗೆ ಸಾಗಿಸಿ ನಜರ್‌ಬಾದ್ ಎಂಬ ಹೊಸ ಕೋಟೆ ಕಟ್ಟಲು ತೊಡಗಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ರಾಜಧಾನಿ ಮೈಸೂರಿಗೆ ಬಂತು, ಕಲ್ಲುಗಳೂ ಹಳೆಯ ಜಾಗಕ್ಕೆ ಹಿಂದಿರುಗಿದವು. ಊರಿನ ಕಲ್ಲುಗಳು ಹೀಗೆ ಒಮ್ಮೆ ಹೋಗಿ ಬಂದ ಕಥೆಯನ್ನು ನಾನು ಪ್ರತಿ ನಡಿಗೆಯಲ್ಲೂ ಹೇಳುತ್ತೇನೆ. ಅರಸ ಎಲ್ಲಿ ಕೂತನೋ ಅಲ್ಲಿಗೆ ಅಕ್ಕಸಾಲಿಗ, ಅಡುಗೆಯವ, ಲಾಯದವ, ಸಂಗೀತಗಾರ, ಸಾಲ ಕೊಡುವವ ಎಲ್ಲರೂ ಬಂದರು.

ಮಂಡ್ಯವನ್ನು ಬೆಳೆಸಿದ್ದು ನಾಲೆ. ಕನ್ನಂಬಾಡಿ ಕಟ್ಟೆಯಿಂದ ವಿಶ್ವೇಶ್ವರಯ್ಯ ನಾಲೆ, ಆಗಿನ ಹೆಸರಿನಲ್ಲಿ ಇರ್ವಿನ್ ನಾಲೆ, ಹರಿದ ಮೇಲೆ ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅರಮನೆ ಇಲ್ಲದ ಊರು ಕಬ್ಬಿನ ಗಾಡಿಗಳ ಸಾಲಿನಿಂದಲೇ ಜಿಲ್ಲಾ ಕೇಂದ್ರವಾಯಿತು ಎಂದರೆ ತಪ್ಪಲ್ಲ.

ಮೈಸೂರು ಯೋಜಿತ ನಗರ ಎನ್ನುತ್ತಾರಲ್ಲ, ಯಾರು ಯೋಜಿಸಿದ್ದು? ಮಹಾರಾಜರೇ?

ಮಹಾರಾಜರ ಪಾಲು ದೊಡ್ಡದು, ನಿಜ. ಆದರೆ ಇನ್ನೆರಡು ಹೆಸರು ಸೇರಿಸಬೇಕು: ಬೆಂಕಿ ಮತ್ತು ಇಲಿ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಹಳೆಯ ಅರಮನೆಗೆ ಬೆಂಕಿ ಬಿತ್ತು. ಈಗ ನಾವು ನೋಡುವ ಅರಮನೆ, ಹೆನ್ರಿ ಇರ್ವಿನ್ ವಿನ್ಯಾಸದ್ದು, 1912ರಲ್ಲಿ ಮುಗಿಯಿತು. ಅದರ ನಡುವೆ ಪ್ಲೇಗ್ ಬಂತು. 1891ರ ಜನಗಣತಿಯಲ್ಲಿ ಸುಮಾರು 74 ಸಾವಿರ ಇದ್ದ ಜನಸಂಖ್ಯೆ 1901ರಲ್ಲಿ 68 ಸಾವಿರಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಬೆಳೆಯುವ ಬದಲು ಊರು ಕುಗ್ಗಿತು. ಸತ್ತವರೂ ಇದ್ದರು, ಊರು ಬಿಟ್ಟವರೂ ಇದ್ದರು.

ಆಗಿನ ಮೈಸೂರಿನ ನಡುಭಾಗ ಹೇಗಿತ್ತೆಂದರೆ, ಕೋಟೆಯೊಳಗೆ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕಿಗೆ ಜಾಗವಿರಲಿಲ್ಲ, ಇಲಿಗೆ ಮಾತ್ರ ಧಾರಾಳವಾಗಿತ್ತು. ಆ ಮನೆಗಳನ್ನು ತೆರವು ಮಾಡಿ ಜನರನ್ನು ಹೊರಗೆ ಕೂರಿಸಬೇಕೆಂದಾಗ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲೇ ಇಂಥ ಸಂಸ್ಥೆಗಳ ಮೊದಲ ಸಾಲಿನದು ಅದು. ಬೊಂಬಾಯಿಯದು ಅದಕ್ಕಿಂತ ಐದು ವರ್ಷ ಹಿರಿಯದು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಮೊದಲಾದ ಬಡಾವಣೆಗಳ ನೇರ ರಸ್ತೆ, ಮನೆಯ ಸುತ್ತ ಬಿಟ್ಟ ಖಾಲಿ ಜಾಗ, ಮೂಲೆಯ ಪಾರ್ಕು ಎಲ್ಲವೂ ಆ ಕಾಲದ ಭಯದಿಂದ ಬಂದವು. ಸುಂದರವಾಗಿ ಕಾಣಲಿ ಎಂದು ಎಳೆದ ಗೆರೆಗಳಿಗಿಂತ ರೋಗ ಹರಡದಿರಲಿ ಎಂದು ಎಳೆದ ಗೆರೆಗಳೇ ಹೆಚ್ಚು.

ನಾನು ಒತ್ತಿ ಹೇಳುವುದು ಕ್ರಮವನ್ನು. ಅಲ್ಲಿ ಮೊದಲು ರಸ್ತೆ, ಚರಂಡಿ, ನೀರು, ಆಮೇಲೆ ಸೈಟು, ಕೊನೆಗೆ ಮನೆ. ಇವತ್ತು ಊರಿನ ಅಂಚಿನಲ್ಲಿ ಮೊದಲು ಸೈಟು, ಆಮೇಲೆ ಮನೆ, ಹತ್ತು ವರ್ಷದ ಬಳಿಕ ಚರಂಡಿಗಾಗಿ ಧರಣಿ. ಈ ಪುಟದ ಮುಂದಿನ ಅರ್ಧ ಪ್ರಶ್ನೆಗಳು ಈ ಕ್ರಮ ತಲೆಕೆಳಗಾದುದರಿಂದಲೇ ಹುಟ್ಟಿದವು.

ಕೊಪ್ಪಲು, ಮೊಹಲ್ಲಾ, ಪುರಂ, ನಗರ... ಒಂದೇ ಊರಿಗೆ ಇಷ್ಟು ಬಗೆಯ ಹೆಸರೇಕೆ?

ಮರದ ಕಾಂಡದ ಉಂಗುರಗಳಂತೆ ಓದಿಕೊಳ್ಳಿ. ಹಳ್ಳಿ, ಕೊಪ್ಪಲು ಎಂದು ಮುಗಿದರೆ ಅದು ನಗರ ಬರುವ ಮೊದಲೇ ಇದ್ದ ಊರು: ಕುಕ್ಕರಹಳ್ಳಿ, ಪಡುವಾರಹಳ್ಳಿ, ಕನ್ನೇಗೌಡನ ಕೊಪ್ಪಲು, ಮಂಚೇಗೌಡನ ಕೊಪ್ಪಲು. ಮೊಹಲ್ಲಾ ಹಳೆಯ ಪೇಟೆಯ ವಿಭಾಗ. ಲಷ್ಕರ್ ಎಂದರೆ ದಂಡು, ಮಂಡಿ ಎಂದರೆ ಸಗಟು ವ್ಯಾಪಾರ. ಪುರಂ ಎಂದರೆ ಬಹುಮಟ್ಟಿಗೆ ಅರಸರ ಕಾಲದ ಬಡಾವಣೆ. ನಗರ ಎಂದರೆ ಸಾಮಾನ್ಯವಾಗಿ ಸ್ವಾತಂತ್ರ್ಯದ ನಂತರದ್ದು: ಗಾಂಧಿನಗರ, ಕುವೆಂಪುನಗರ, ರಾಮಕೃಷ್ಣನಗರ. ಲೇಔಟ್, ಎನ್‌ಕ್ಲೇವ್ ಎಂದು ಮುಗಿದರೆ ಬೇಲಿಯ ಬಣ್ಣ ಇನ್ನೂ ಮಾಸಿಲ್ಲ ಎಂದರ್ಥ.

ಅಪವಾದಗಳಿವೆ. ಒಂಟಿಕೊಪ್ಪಲು ವಾಣಿವಿಲಾಸ ಮೊಹಲ್ಲಾ ಆಯಿತು, ಎರಡು ಹೆಸರೂ ಉಳಿದವು. ಪಡುವಾರಹಳ್ಳಿ ಕಾಗದದಲ್ಲಿ ವಿನಾಯಕನಗರ; ಆದರೆ ಆಟೊದವರಿಗೆ ಪಡುವಾರಹಳ್ಳಿ ಎಂದರೇ ಬೇಗ ತಿಳಿಯುತ್ತದೆ.

ನಮ್ಮ ಅಜ್ಜಿ ಮನೆಯ ಹಿಂದೆ ಸಣ್ಣ ಓಣಿ ಇದೆ. ಅದು ಯಾವುದಕ್ಕೆ?

ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಅರಸರ ಕಾಲದ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ನಡುವೆ ಈ ಓಣಿ ಹಾದುಹೋಗುತ್ತದೆ. ನಡಿಗೆಗೆ ಬಂದವರು ಇದನ್ನು ನೋಡಿ ಎಂಥ ದೂರದೃಷ್ಟಿ ಎಂದು ಮೆಚ್ಚುತ್ತಾರೆ. ಈಗ ಅಲ್ಲಿ ಒಳಚರಂಡಿ ಕೊಳವೆ ಇರುವುದರಿಂದ ಮುಂದಿನ ರಸ್ತೆ ಅಗೆಯದೆ ರಿಪೇರಿ ಮಾಡಬಹುದು, ನಿಜ.

ಆದರೆ ಅದನ್ನು ಮಾಡಿದ್ದು ಕೊಳವೆಗಾಗಿ ಅಲ್ಲ. ಒಳಚರಂಡಿ ಇಲ್ಲದ ಕಾಲದಲ್ಲಿ ಹಿತ್ತಲಿನ ಕಕ್ಕಸಿನ ಮಲವನ್ನು ಮನುಷ್ಯರು ಬುಟ್ಟಿಯಲ್ಲಿ ಹೊತ್ತೊಯ್ಯುತ್ತಿದ್ದರು. ಅವರು ಮುಂಬಾಗಿಲಿನ ಬೀದಿಯಲ್ಲಿ ಕಾಣಬಾರದು. ಅದಕ್ಕಾಗಿ ಬೇರೆ ದಾರಿ. ಗೋಡೆಯಲ್ಲಿ ನೆಲಮಟ್ಟಕ್ಕೆ ಮುಚ್ಚಿದ ಚಿಕ್ಕ ಕಿಂಡಿಗಳ ಗುರುತು ಕೆಲವು ಹಳೆಯ ಮನೆಗಳಲ್ಲಿ ಇನ್ನೂ ಇದೆ. ಗಾಳಿ ಬೆಳಕಿನ ಲೆಕ್ಕ ಹಾಕಿದ ಅದೇ ನಕ್ಷೆ ಜಾತಿಯ ಲೆಕ್ಕವನ್ನೂ ಹಾಕಿತ್ತು. ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಸಚಿವರಾಗಿದ್ದಾಗ.

ಈ ಓಣಿಯ ಮುಂದೆ ನಿಂತು ಇದನ್ನು ಹೇಳಿದಾಗ ಒಬ್ಬ ಹಿರಿಯರು ಬೇಸರಪಟ್ಟು, ‘ಭಾನುವಾರ ಬೆಳಿಗ್ಗೆ ಇದೆಲ್ಲ ಯಾಕೆ ಸ್ವಾಮಿ?’ ಎಂದಿದ್ದರು. ಗುಂಪಿನಲ್ಲಿದ್ದ ಒಬ್ಬ ಯುವಕ ತನ್ನ ಮುತ್ತಜ್ಜ ನಡೆದ ದಾರಿ ಇದು ಎಂದ ಮೇಲೆ ಯಾರೂ ಮಾತನಾಡಲಿಲ್ಲ.

ಮೈಸೂರು ಪಿಂಚಣಿದಾರರ ಊರು, ಅಲ್ಲವೇ?

ಈ ಬಿರುದು ಅರ್ಧ ಸತ್ಯ. 1912ರ ರೇಷ್ಮೆ ನೇಯ್ಗೆ ಕಾರ್ಖಾನೆ, ಗಂಧದೆಣ್ಣೆ ಕಾರ್ಖಾನೆ, ಕೃಷ್ಣರಾಜೇಂದ್ರ ಮಿಲ್ಲು, ರೈಲ್ವೆ ಕಾರ್ಯಾಗಾರ, ಆಮೇಲೆ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ, ಟೈರ್ ಕಾರ್ಖಾನೆ: ಇಲ್ಲಿ ಪಾಳಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಂಡವರು ಸಾವಿರಾರು ಜನ. ಜಾವಾ 1996ರಲ್ಲಿ ಮುಚ್ಚಿತು. ಪಿಂಚಣಿ ಇಲ್ಲದೆ ನಿವೃತ್ತರಾದವರೂ ಇದೇ ಊರಿನಲ್ಲಿದ್ದಾರೆ. ಅವರನ್ನು ಯಾವ ಪ್ರವಾಸಿ ಪುಸ್ತಿಕೆಯೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

## ನೆಲ ಮತ್ತು ನೀರು

ಕೆರೆಗಳೆಲ್ಲ ಎಲ್ಲಿ ಹೋದವು?

ಕೆಲವು ಹೆಸರಿನಲ್ಲಿ ಉಳಿದಿವೆ. ದಸರಾ ವಸ್ತುಪ್ರದರ್ಶನ ನಡೆಯುವ ಜಾಗ ದೊಡ್ಡಕೆರೆ ಮೈದಾನ. ಅಲ್ಲಿ ನೀರಿತ್ತು ಎಂದರೆ ಮಕ್ಕಳು ನಂಬುವುದಿಲ್ಲ. ಸುಬ್ಬರಾಯನಕೆರೆಯಲ್ಲಿ ಈಗ ಉದ್ಯಾನವಿದೆ. ಜೀವರಾಯನಕಟ್ಟೆ ಮೈದಾನವಾಗಿದೆ. ಇವು ಕದ್ದು ಮುಚ್ಚಿದ ಕೆರೆಗಳಲ್ಲ. ನಿಂತ ನೀರೆಂದರೆ ಸೊಳ್ಳೆ, ಜ್ವರ ಎಂದು ನಂಬಿದ ಕಾಲದಲ್ಲಿ ಊರಿನ ನಡುವಿನ ಕೆರೆ ಮುಚ್ಚುವುದೇ ಸುಧಾರಣೆ ಎನಿಸಿತ್ತು.

ಉಳಿದವು ಉಳಿದದ್ದೂ ಸುಮ್ಮನೆ ಅಲ್ಲ. ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಅದು ವಿಶ್ವವಿದ್ಯಾನಿಲಯದ ಮಗ್ಗುಲಿಗೆ ಸೇರಿದ್ದರಿಂದ ಸೈಟಾಗಲಿಲ್ಲ. ಕಾರಂಜಿ ಕೆರೆ ಮೃಗಾಲಯದ ಜೊತೆಗಿದೆ. ಲಿಂಗಾಂಬುಧಿಯನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಮಾಲೀಕರು ಯಾರೆಂದು ಸ್ಪಷ್ಟವಿರುವ ಕೆರೆ ಬದುಕುತ್ತದೆ, ಎಲ್ಲರದೂ ಆದ ಕೆರೆ ಯಾರದೂ ಆಗದೆ ಹೋಗುತ್ತದೆ. ಆದರೆ ಮೈಸೂರಿನಲ್ಲಿ ಕೆರೆಗಿಂತ ಬೇಗ ಕಾಣೆಯಾಗುವುದು ಕೆರೆಗೆ ನೀರು ತರುವ ಕಾಲುವೆ. ಕೆರೆ ಮುಚ್ಚಿದರೆ ಪತ್ರಿಕೆಯಲ್ಲಿ ಬರುತ್ತದೆ. ಮೂರಡಿ ಅಗಲದ ಕಾಲುವೆಯ ಮೇಲೆ ಕಾಂಪೌಂಡ್ ಎದ್ದರೆ ಮುಂದಿನ ದೊಡ್ಡ ಮಳೆಯಲ್ಲಿ ಮಾತ್ರ ಗೊತ್ತಾಗುತ್ತದೆ.

ಕಾವೇರಿ ಇಷ್ಟು ಹತ್ತಿರ ಇದ್ದರೂ ನಮ್ಮ ಬಡಾವಣೆಗೆ ಟ್ಯಾಂಕರ್ ಏಕೆ ಬರುತ್ತದೆ?

ಹತ್ತಿರ ಇದೆ, ಆದರೆ ಕೆಳಗಿದೆ. ಮೈಸೂರು ಎರಡು ನದಿಗಳ ನಡುವಿನ ಏರಿನ ಮೇಲೆ ಕೂತ ಊರು. ಬಡಗಣದ ಮಳೆನೀರು ಕಾವೇರಿಯ ಕಡೆಗೆ, ತೆಂಕಣದ್ದು ಕಬಿನಿಯ ಕಡೆಗೆ ಇಳಿಯುತ್ತದೆ. ಚರಂಡಿ ನೀರು ಶುದ್ಧೀಕರಿಸುವ ಮೂರು ಘಟಕಗಳು ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂಗಳಲ್ಲಿ ಇರುವುದೂ ಈ ಇಳಿಜಾರುಗಳನ್ನು ಅನುಸರಿಸಿಯೇ. ಕುಡಿಯುವ ನೀರು ಮಾತ್ರ ತಿರುಗುಮುರುಗು: ಹೊಂಗಳ್ಳಿ, ಮೇಳಾಪುರ, ಕಬಿನಿ ಕಡೆಯ ಬಿದರಗೂಡು, ಇವುಗಳಿಂದ ಪ್ರತಿ ಹನಿಯನ್ನೂ ಪಂಪಿನಲ್ಲಿ ಮೇಲೆ ಎತ್ತಬೇಕು. ವಿದ್ಯುತ್ ಕೈಕೊಟ್ಟ ದಿನ ನಲ್ಲಿಯೂ ಕೈಕೊಡುವುದು ಇದರಿಂದ.

ಊರು ಅಂಚಿಗೆ ಹರಡಿದಂತೆ ಕೊಳವೆ ಉದ್ದವಾಗುತ್ತದೆ, ಒತ್ತಡ ಇಳಿಯುತ್ತದೆ. ಖಾಸಗಿ ಬಡಾವಣೆಯವರು ಕೊಳವೆಬಾವಿ ತೋರಿಸಿ ಸೈಟು ಮಾರಿ ಹೋಗುತ್ತಾರೆ, ಬಾವಿ ಬತ್ತಿದ ಮೇಲೆ ನಗರದ ನೀರಿಗೆ ಅರ್ಜಿ ಬರುತ್ತದೆ. ಹಳೇ ಉಂಡವಾಡಿಯ ಹೊಸ ಕುಡಿಯುವ ನೀರಿನ ಯೋಜನೆಯ ಮೇಲೆ ಊರಿನ ಕಣ್ಣಿರುವುದು ಇದಕ್ಕೇ.

ರೆವಿನ್ಯೂ ಸೈಟು ಅರ್ಧ ಬೆಲೆಗೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ನನ್ನ ತಂಗಿಯ ಮಗ ಕೇಳಿದ ಪ್ರಶ್ನೆ ಇದು; ಅವನಿಗೆ ಬೇಡ ಎಂದೆ, ಅವನು ತೆಗೆದುಕೊಂಡ.

ರೆವಿನ್ಯೂ ಸೈಟೆಂದರೆ ಕೃಷಿ ಜಮೀನನ್ನು ಭೂಪರಿವರ್ತನೆ ಮಾಡಿಸದೆ, ನಕ್ಷೆಗೆ ಮಂಜೂರಾತಿ ಪಡೆಯದೆ ತುಂಡು ಮಾಡಿ ಮಾರಿದ್ದು. ಬೆಲೆ ಅರ್ಧ ಇರುವುದಕ್ಕೆ ಕಾರಣ, ಉಳಿದ ಅರ್ಧವನ್ನು ನೀವು ಕಂತಿನಲ್ಲಿ ಕೊಡುತ್ತೀರಿ: ರಸ್ತೆಗೆ ಜಲ್ಲಿ, ಬೀದಿದೀಪದ ಕಂಬ, ಶೌಚದ ಗುಂಡಿ ತೆಗೆಸುವ ಲಾರಿ, ಖಾತೆಗಾಗಿ ಅಲೆದಾಟ. ಬ್ಯಾಂಕ್ ಸಾಲ ಸಿಗುವುದೂ ಕಷ್ಟ. ತೆಗೆದುಕೊಳ್ಳುವ ಮೊದಲು ನಾಲ್ಕು ಕಾಗದ ಕೇಳಿ: ಭೂಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆಯ ನಕ್ಷೆ, ಸ್ಥಳೀಯ ಸಂಸ್ಥೆಯ ಖಾತೆ, ಋಣಭಾರ ಪತ್ರ. ಒಂದೂ ಇಲ್ಲದೆ ‘ಮುಂದೆ ಸಕ್ರಮ ಆಗುತ್ತದೆ’ ಎಂದು ಭರವಸೆ ಕೊಟ್ಟರೆ ಚಹಾ ಕುಡಿದು ಎದ್ದು ಬನ್ನಿ.

ಹೀಗೆ ಹೇಳಿದರೂ ಕೊಂಡವರನ್ನು ದೂರುವ ಮನಸ್ಸಿಲ್ಲ. ಅನುಮೋದಿತ ಬಡಾವಣೆಯ ಸೈಟು ಗಾರೆ ಕೆಲಸದವನ, ಅಂಗಡಿ ಸಹಾಯಕಿಯ ಕೈಗೆ ಎಟಕುವುದೇ ಇಲ್ಲ. ಟ್ರಸ್ಟ್ ಬೋರ್ಡಿನ ಜಾಗಕ್ಕೆ 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಮುಡಾ, ಬಂತು. ಸೈಟಿಗೆ ಅರ್ಜಿ ಹಾಕಿ ಕೂದಲು ನರೆತವರು ಪ್ರತಿ ಬೀದಿಯಲ್ಲೂ ಇದ್ದಾರೆ. ಸರದಿ ಬರದ ಜನ ಅಕ್ರಮದ ಬಾಗಿಲು ತಟ್ಟುತ್ತಾರೆ.

ನಮ್ಮದು ಹಳ್ಳಿಯಾಗಿತ್ತು, ಈಗ ಸುತ್ತ ನಗರ. ನಮ್ಮ ಬೀದಿಗಳು ಮಾತ್ರ ಏಕೆ ಇಕ್ಕಟ್ಟು?

ಬಡಾವಣೆಗಾಗಿ ಸ್ವಾಧೀನವಾದದ್ದು ನಿಮ್ಮ ಹೊಲ, ನಿಮ್ಮ ಮನೆಗಳಲ್ಲ. ಮನೆಗಳಿದ್ದ ಗ್ರಾಮಠಾಣಾ ದ್ವೀಪದಂತೆ ಉಳಿಯಿತು. ಸುತ್ತ ನಲವತ್ತು ಅಡಿ ರಸ್ತೆ ಬಂದರೂ ಒಳಗೆ ಎತ್ತಿನ ಗಾಡಿಯ ಅಗಲವೇ. ಹೊಲ ಹೋದ ಮೇಲೆ ಆದಾಯಕ್ಕೆ ಉಳಿದದ್ದು ಆ ಪುಟ್ಟ ಜಾಗ. ಅದರ ಮೇಲೆ ಅಂತಸ್ತು ಏರಿಸಿ ಬಾಡಿಗೆಗೆ ಕೊಡದೆ ದಾರಿಯಿಲ್ಲ. ಮಾನಸಗಂಗೋತ್ರಿಯ ಆಸುಪಾಸಿನ ಹಳೆಯ ಹಳ್ಳಿಗಳಲ್ಲಿ ದನ ಕಟ್ಟುತ್ತಿದ್ದ ಕೊಟ್ಟಿಗೆಗಳೂ ವಿದ್ಯಾರ್ಥಿಗಳ ಕೊಠಡಿಗಳಾಗಿವೆ.

ಒಂದು ಮಾತು ಸೇರಿಸುತ್ತೇನೆ. ಅಗ್ಗದ ಬಾಡಿಗೆ, ಬೆಳಗಿನ ಐದೂವರೆಗೆ ಇಡ್ಲಿ, ಸಂಜೆ ಮಾರಮ್ಮನ ಗುಡಿಯ ಮುಂದೆ ಮಾತು, ಗರಡಿಯ ಕೆಮ್ಮಣ್ಣು: ಮೈಸೂರಿನಲ್ಲಿ ಇವೆಲ್ಲ ಒಟ್ಟಿಗೆ ಸಿಗುವುದು ಈ ಇಕ್ಕಟ್ಟಿನ ದ್ವೀಪಗಳಲ್ಲೇ. ಪಕ್ಕದ ವಿಶಾಲ ಬಡಾವಣೆಯ ಮನೆಗೆಲಸದವರು, ಹಾಲಿನವರು, ಪ್ಲಂಬರ್ ಎಲ್ಲರೂ ಇಲ್ಲಿಂದಲೇ ಹೊರಡುತ್ತಾರೆ.

ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಎನ್ನುತ್ತಾರೆ. ಮೈಸೂರಿನಲ್ಲಿ ತೋಟ ಎಲ್ಲಿದೆ?

ಎರಡಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ಭೂಮಿಯೇ ಕಡಿಮೆ. ಅಗ್ರಹಾರದಿಂದ ನಂಜನಗೂಡು ರಸ್ತೆಯುದ್ದಕ್ಕೂ ವಿದ್ಯಾರಣ್ಯಪುರಂ ಕಡೆಗೆ ಹರಡಿದ್ದ ಎಲೆತೋಟಗಳ ಬಹುಭಾಗ ಈಗ ಮನೆ.

ರಿಂಗ್ ರಸ್ತೆ ಆದ ಮೇಲೂ ವಾಹನ ದಟ್ಟಣೆ ಏಕೆ ಕಡಿಮೆಯಾಗಲಿಲ್ಲ?

ಊರಿನ ಹೊರಗೆ ವಾಹನ ಸುತ್ತಿ ಹೋಗಲಿ ಎಂದು ಸುಮಾರು 42 ಕಿಲೋಮೀಟರಿನ ಹೊರವರ್ತುಲ ರಸ್ತೆ ಮಾಡಿದರು. ರಸ್ತೆ ಬಂದೊಡನೆ ಅದರ ಎರಡೂ ಬದಿಯ ಹೊಲಗಳಿಗೆ ಬೆಲೆ ಬಂತು, ಹೊಲ ಸೈಟಾಯಿತು, ಸೈಟು ಮನೆಯಾಯಿತು. ಹೊರಗಿನ ರಸ್ತೆ ಒಳಗಿನದಾಯಿತು. ಈಗ ಅದಕ್ಕೂ ಹೊರಗೆ ಇನ್ನೊಂದು ವರ್ತುಲ ಬೇಕೆಂಬ ಮಾತಿದೆ. ದಾಹ ತಣಿಸಲು ಉಪ್ಪುನೀರು ಕುಡಿದ ಹಾಗೆ.

## ನೆರೆಹೊರೆ

ಹೊಸ ಬಡಾವಣೆಗೆ ಬಂದು ಹತ್ತು ವರ್ಷವಾಯಿತು, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಜನ ಬದಲಾದರೋ, ಊರು ಬದಲಾಯಿತೋ?

ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದೇ. ಕೇಳುವವರು ಬಹುಪಾಲು ಹೆಂಗಸರು, ಅದರಲ್ಲೂ ಮಕ್ಕಳು ಹೊರದೇಶದಲ್ಲಿರುವ ತಾಯಂದಿರು.

ಹಳೆಯ ಕಾಲದವರು ಒಳ್ಳೆಯವರಾಗಿದ್ದರು, ಈಗಿನವರು ಸ್ವಾರ್ಥಿಗಳು ಎಂಬ ವಿವರಣೆ ನನಗೆ ಒಪ್ಪಿಗೆಯಿಲ್ಲ. ಹಳೆಯ ಪೇಟೆಯಲ್ಲಿ ಜನ ಪರಸ್ಪರ ಪರಿಚಿತರಾದದ್ದು ಒಳ್ಳೆಯತನದಿಂದಲ್ಲ, ಬೇರೆ ದಾರಿ ಇರಲಿಲ್ಲ. ಮನೆಯ ಮುಂದೆ ಜಗಲಿ, ಬೀದಿಯ ತುದಿಗೆ ನಲ್ಲಿ, ನಲ್ಲಿಯ ಮುಂದೆ ಬಿಂದಿಗೆಗಳ ಸಾಲು. ಜಗಳವಾಡಲಾದರೂ ಹೆಸರು ಗೊತ್ತಿರಬೇಕು. ಈಗ ನೀರು ಸಂಪಿಗೆ ಬರುತ್ತದೆ, ಜಗಲಿಯ ಜಾಗದಲ್ಲಿ ಕಾರು ನಿಂತಿದೆ, ಹಾಲಿನ ಪೊಟ್ಟಣ ಗೇಟಿಗೆ ನೇತುಹಾಕಿದ ಚೀಲಕ್ಕೆ ಬೀಳುತ್ತದೆ. ಒಂದೊಂದೂ ಸೌಕರ್ಯವೇ, ಬಿಂದಿಗೆ ಹೊತ್ತವರನ್ನು ಕೇಳಿದರೆ ಆ ಕಾಲ ಬೇಡವೆಂದೇ ಹೇಳುತ್ತಾರೆ. ಆದರೆ ಪ್ರತಿಯೊಂದು ಸೌಕರ್ಯವೂ ಹೊರಗೆ ಬರುವ ಒಂದೊಂದು ನೆಪವನ್ನು ಕಿತ್ತುಕೊಂಡಿತು.

ನನ್ನದೇ ಕಥೆ. ಕೃಷ್ಣಮೂರ್ತಿಪುರಂನ ಬಾಡಿಗೆ ಮನೆ ಬಿಟ್ಟು ರಿಂಗ್ ರಸ್ತೆಯಾಚೆಗೆ ಬಂದ ಮೊದಲ ಆರು ವರ್ಷ ನನಗೆ ಗೊತ್ತಿದ್ದದ್ದು ಎದುರು ಮನೆಯ ಕಾರಿನ ನಂಬರ್ ಮಾತ್ರ. ಒಂದು ದಿನ ಅಡ್ಡರಸ್ತೆಯ ಮೂಲೆಯ ಹೊಂಗೆ ಮರದ ಕೆಳಗೆ ಗಂಡ ಹೆಂಡತಿ ಇಸ್ತ್ರಿ ಗಾಡಿ ನಿಲ್ಲಿಸಿದರು. ಬಟ್ಟೆ ಕೊಡಲು ಬಂದವರು ಕೆಂಡ ಕಾಯುವವರೆಗೆ ನಿಲ್ಲತೊಡಗಿದರು. ಯಾರ ಮನೆಯಲ್ಲಿ ಬಾಣಂತನ, ಯಾರ ಮಗನಿಗೆ ಕೆಲಸ ಸಿಕ್ಕಿತು, ಯಾರು ಆಸ್ಪತ್ರೆಯಲ್ಲಿದ್ದಾರೆ ಎಲ್ಲವೂ ಆ ಗಾಡಿಯಿಂದ ತಿಳಿಯತೊಡಗಿತು. ಎದುರು ಮನೆಯವರ ಹೆಸರನ್ನು ನನಗೆ ಹೇಳಿದ್ದೂ ಇಸ್ತ್ರಿಯವನೇ. ಆಮೇಲೆ ಸೊಪ್ಪಿನಮ್ಮ ಬಂದರು, ಸಂಜೆ ಕಡಲೆಕಾಯಿಯವನು ಬಂದ. ನಡುವೆ ಒಬ್ಬರು ಗಾಡಿ ಬಡಾವಣೆಯ ಅಂದ ಕೆಡಿಸುತ್ತದೆ ಎಂದು ದೂರು ಬರೆದರು. ಆ ದೂರಿಗೆ ಎದುರಾಗಿ ಸಹಿ ಹಾಕಲು ಮೂವತ್ತೆಂಟು ಮನೆಯವರು ಮೊದಲ ಬಾರಿಗೆ ಒಂದೇ ಕಡೆ ಸೇರಿದರು.

ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯಕ್ಕೆ 2014ರ ಕೇಂದ್ರ ಕಾಯ್ದೆ ರಕ್ಷಣೆ ಕೊಡುತ್ತದೆ. ಇಂಥ ದೂರು ನಿಮ್ಮ ಬೀದಿಯಲ್ಲೂ ಹುಟ್ಟಿದರೆ ಆ ಕಾಯ್ದೆಯನ್ನು ನೆನಪಿಸಿ.

ಸಿ.ಎ. ನಿವೇಶನ ಎಂದರೆ ಏನು? ನಮ್ಮಲ್ಲಿ ಅದರಲ್ಲಿ ಕಳೆ ಬೆಳೆದಿದೆ.

ನಾಗರಿಕ ಸೌಲಭ್ಯಕ್ಕಾಗಿ ಬಡಾವಣೆಯ ನಕ್ಷೆಯಲ್ಲಿ ಮೀಸಲಿಟ್ಟ ಜಾಗ: ಶಾಲೆ, ಆರೋಗ್ಯ ಕೇಂದ್ರ, ಗ್ರಂಥಾಲಯ, ಸಮುದಾಯ ಭವನ. ಪ್ರಾಧಿಕಾರ ಅದನ್ನು ಸಂಘ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಡುತ್ತದೆ. ಅನುಭವದಲ್ಲಿ ಅದು ಒಂದು ಸಮುದಾಯದ ಕಲ್ಯಾಣಮಂಟಪವಾಗಿ ಬಿಡುವುದೇ ಹೆಚ್ಚು. ನಿಮ್ಮ ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದು, ಯಾವ ಜಾಗ ಯಾವುದಕ್ಕೆ ಎಂದು ನೋಡಿಟ್ಟುಕೊಳ್ಳಿ. ಕಳೆಯಿರುವಾಗಲೇ ಕೇಳಬೇಕು, ಕಂಬ ಎದ್ದ ಮೇಲೆ ಅಲ್ಲ.

ಗೇಟು ಹಾಕಿದ ಬಡಾವಣೆ ಸುರಕ್ಷಿತವಲ್ಲವೇ? ಎಲ್ಲರೂ ಅದನ್ನೇ ಬಯಸುತ್ತಾರೆ.

ಒಳಗಿರುವವರಿಗೆ ಇರಬಹುದು. ಗೇಟಿನ ಹೊರಗಿನ ಉದ್ದನೆಯ ಗೋಡೆಯ ಪಕ್ಕದಲ್ಲಿ ರಾತ್ರಿ ಎಂಟಕ್ಕೆ ಬಸ್ಸಿಳಿದು ನಡೆಯುವ ಹುಡುಗಿಯನ್ನು ಕೇಳಿ ನೋಡಿ. ಕಿಟಕಿ ಬಾಗಿಲುಗಳಿರುವ ಬೀದಿಗೆ ಕಣ್ಣಿದೆ. ಕಾಂಪೌಂಡ್ ಗೋಡೆಗೆ ಇಲ್ಲ.

ದೇವರಾಜ ಮಾರುಕಟ್ಟೆ ಕುಸಿಯುತ್ತಿದೆ. ಕೆಡವಿ ಹೊಸದು ಕಟ್ಟಿದರೆ ನಷ್ಟವೇನು?

2012ರಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಪಾಯ ಕಲ್ಪನೆಯದಲ್ಲ. ಆದರೆ ಕುಸಿತಕ್ಕೆ ವಯಸ್ಸೊಂದೇ ಕಾರಣವಲ್ಲ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿಯುವುದು, ಮಾಳಿಗೆಯಲ್ಲಿ ನೀರು ನಿಲ್ಲಲು ಬಿಡುವುದು, ಗೋಡೆ ಕೊರೆದು ಅಂಗಡಿ ಹಿಗ್ಗಿಸುವುದು ಕಟ್ಟಡವನ್ನು ವಯಸ್ಸಿಗಿಂತ ಮೊದಲೇ ಮುದಿಯಾಗಿಸುತ್ತವೆ.

ನನ್ನ ಚಿಂತೆ ಕಮಾನುಗಳಿಗಿಂತ ಹೆಚ್ಚಾಗಿ ಬಾಡಿಗೆಯದು. ಮಾರು ಮಲ್ಲಿಗೆ, ಕಟ್ಟು ವೀಳ್ಯದೆಲೆ, ನಂಜನಗೂಡು ರಸಬಾಳೆ, ರಾಶಿ ಕುಂಕುಮ ಮಾರುವವರು ಆ ಜಾಗದಲ್ಲಿ ಉಳಿದಿರುವುದು ಹಳೆಯ ಬಾಡಿಗೆಯಿಂದ. ಹೊಸ ಕಟ್ಟಡದ ಹೊಸ ಬಾಡಿಗೆಗೆ ಹೂವಿನ ವ್ಯಾಪಾರ ತಾಳಲಾರದು, ಮೊಬೈಲ್ ಅಂಗಡಿ ತಾಳುತ್ತದೆ. ಕಟ್ಟಡವನ್ನು ಹಾಗೇ ಉಳಿಸಿದರೂ ಬಾಡಿಗೆಯ ಪ್ರಶ್ನೆ ಬಿಟ್ಟರೆ ಫಲ ಅದೇ. ವಾದ ಮಾಡುವ ಎರಡೂ ಪಕ್ಷಗಳು ಈ ಲೆಕ್ಕವನ್ನು ಬದಿಗಿಟ್ಟಿವೆ.

ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲಿದ್ದೆವು. ಈಗೇನಾಯಿತು?

2015 ಮತ್ತು 2016ರ ಪಟ್ಟಿಗಳಲ್ಲಿ ಮೈಸೂರು ಮೊದಲನೆಯದು, ನಿಜ. ಅದಕ್ಕೆ ಹಿಂದಿನ ದೀರ್ಘ ದುಡಿಮೆ ಇತ್ತು: ಮನೆ ಬಾಗಿಲ ಸಂಗ್ರಹಣೆ, ಕುಂಬಾರಕೊಪ್ಪಲಿನಂಥ ವಾರ್ಡ್ ಮಟ್ಟದ ಘಟಕಗಳು, ನಸುಕಿನಲ್ಲೇ ಪೊರಕೆ ಹಿಡಿಯುವ ಪೌರಕಾರ್ಮಿಕರು. ಆಮೇಲೆ ಊರು ಬೆಳೆದದ್ದು ಪಾಲಿಕೆಯ ಗಡಿಯ ಹೊರಗೆ. ರಿಂಗ್ ರಸ್ತೆಯ ಬದಿಯ ಕಟ್ಟಡ ತ್ಯಾಜ್ಯದ ರಾಶಿಗಳು ಯಾರ ಗಡಿಗೆ ಸೇರಿದವು ಎಂದು ಕೇಳಿದರೆ ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸುತ್ತಾರೆ.

## ಸ್ವಲ್ಪ ಆಳಕ್ಕೆ

ನಮ್ಮ ಮನೆ ಮೈಸೂರಿನಲ್ಲಿದೆ, ಆದರೆ ಪಾಲಿಕೆಯಲ್ಲಿ ಇಲ್ಲವಂತೆ. ಹೇಗೆ?

ನಗರ ಎಂಬುದು ನೆಲದ ಮೇಲೆ ಒಂದು, ಕಾನೂನಿನಲ್ಲಿ ಇನ್ನೊಂದು. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಅಂದಿನಿಂದ ತುಂಬಿದ್ದು ಹೆಚ್ಚಾಗಿ ಅಂಚು. ಅಲ್ಲಿನ ಗ್ರಾಮ ಪಂಚಾಯಿತಿಗಳನ್ನು ಈಚೆಗೆ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾಗಿ ಮಾಡಲಾಯಿತು. ಎಲ್ಲವನ್ನೂ ಕೂಡಿಸಿ ಬೃಹತ್ ಮೈಸೂರು ಮಾಡುವ ಪ್ರಸ್ತಾವವೂ ಇದೆ.

ಕೂಡಿಸಿದರೆ ಕೊಳವೆ, ಕಸ, ಬಸ್ಸಿನ ಲೆಕ್ಕ ಒಂದೇ ಕಡೆ ಆಗುತ್ತದೆ, ಅದು ಒಳ್ಳೆಯದು. ಆದರೆ ವಾರ್ಡಿನ ಸದಸ್ಯ ಇನ್ನಷ್ಟು ದೂರವಾಗುತ್ತಾನೆ. ಈಗಿನ ಪಾಲಿಕೆಯ 65 ವಾರ್ಡುಗಳ ಚುನಾಯಿತ ಕೌನ್ಸಿಲ್‌ನ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. ಬೀದಿದೀಪ ಕೆಟ್ಟರೆ ಯಾರಿಗೆ ಬೈಯಬೇಕೆಂದು ಗೊತ್ತಿರುವುದೂ ಪ್ರಜಾಪ್ರಭುತ್ವದ ಒಂದು ಸೌಲಭ್ಯವೇ.

ಎಕ್ಸ್‌ಪ್ರೆಸ್‌ವೇ ಬಂತು. ಇನ್ನು ಮೈಸೂರು ಬೆಂಗಳೂರಿನ ಬಡಾವಣೆ ಆಗುತ್ತದೆಯೇ?

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುತ್ತದೆ. ಮೈಸೂರಿನ ಮೇಲಾದ ಪರಿಣಾಮಕ್ಕಿಂತ ನಡುವಿನ ಊರುಗಳ ಮೇಲಾದದ್ದು ನನಗೆ ಮುಖ್ಯ. ಹಳೆಯ ರಸ್ತೆ ಊರಿನ ಹೊಟ್ಟೆಯಲ್ಲಿ ಹಾದುಹೋಗುತ್ತಿತ್ತು. ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಗೊಂಬೆ, ದಾರಿಯುದ್ದಕ್ಕೂ ಎಳನೀರು. ಈಗ ಗಂಟೆಗೆ ನೂರರ ವೇಗದಲ್ಲಿ ಹೋಗುವವನಿಗೆ ಮದ್ದೂರು ಒಂದು ಹಸಿರು ಫಲಕ. ಹೊಲ ಈಚೆ, ಮನೆ ಆಚೆ ಆದ ರೈತನಿಗೆ ಮೊದಲು ಹತ್ತು ಹೆಜ್ಜೆಯಿದ್ದ ದಾರಿ ಈಗ ಕೆಳಸೇತುವೆ ಹುಡುಕಿ ಹೋಗುವ ಪ್ರಯಾಣ. ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೇ ಇಲ್ಲ.

ಮೈಸೂರಿಗೆ ಬಂದದ್ದು ಬೆಂಗಳೂರಿನ ಹಣ, ವಾರಾಂತ್ಯದ ಕಾರು, ಏರಿದ ಸೈಟಿನ ಬೆಲೆ. ಬೆಂಗಳೂರಿನ ಉದ್ಯೋಗಗಳು ಅಷ್ಟು ವೇಗವಾಗಿ ಬರಲಿಲ್ಲ.

ಮಂಡ್ಯದವರು ನಾವು. ನಮ್ಮ ಊರೇಕೆ ಮೈಸೂರಿನಷ್ಟು ಬೆಳೆಯಲಿಲ್ಲ?

ಬೆಳೆಯದಿರುವುದು ಕೊರತೆಯೆಂದು ಒಪ್ಪಿಕೊಂಡೇ ಕೇಳುತ್ತಿದ್ದೀರಿ! 2011ರಲ್ಲಿ ಮಂಡ್ಯ ಪಟ್ಟಣದ ಜನಸಂಖ್ಯೆ 1.3 ಲಕ್ಷದ ಆಸುಪಾಸು. ಊರಿನ ಸಿರಿ ಸುತ್ತಲಿನ ಗದ್ದೆಯಲ್ಲಿದೆ. ನೀರಾವರಿ ಗದ್ದೆಯಿರುವವನು ಊರು ಬಿಟ್ಟು ಪಟ್ಟಣದಲ್ಲಿ ಮನೆ ಮಾಡಬೇಕಾಗಿಲ್ಲ. ಹಾಗಾಗಿ ಮಂಡ್ಯ ಜನ ಬಂದು ಹೋಗುವ ಪಟ್ಟಣವಾಯಿತು. ಅದರ ಬೆಳಗಿನ ಗಿಜಿಗುಡುವಿಕೆ ಸಂಜೆಯ ಬಸ್ಸುಗಳಲ್ಲಿ ಹಳ್ಳಿಗೆ ಹಿಂದಿರುಗುತ್ತದೆ. ಕಾರ್ಖಾನೆ ಕೆಮ್ಮಿದಾಗ ಮಾತ್ರ ತೊಂದರೆ: ಸಕ್ಕರೆ ಕಾರ್ಖಾನೆ ನಿಂತ ವರ್ಷಗಳಲ್ಲಿ ಬಟ್ಟೆ ಅಂಗಡಿಯಿಂದ ಛತ್ರದವರೆಗೆ ಎಲ್ಲರ ವ್ಯಾಪಾರವೂ ಇಳಿಯಿತು. ಒಂದೇ ಬೆಳೆಯ ಊರಿಗೆ ಇರುವ ಆತಂಕ ಅದು.

ಮಹಾಯೋಜನೆಗೆ ಆಕ್ಷೇಪಣೆ ಸಲ್ಲಿಸಬಹುದಂತೆ. ನಮ್ಮಂಥವರು ಬರೆದರೆ ಯಾರು ಓದುತ್ತಾರೆ?

ಬರೆಯದಿದ್ದರೆ ಖಂಡಿತ ಯಾರೂ ಓದುವುದಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ನಿಮ್ಮ ಊರಿನ ಗದ್ದೆ ಹಳದಿಯಾಗಿದೆಯೋ, ಹಸಿರಾಗಿದೆಯೋ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ; ಹಳದಿ ಎಂದರೆ ವಸತಿ, ಹಸಿರು ಎಂದರೆ ಕೃಷಿ ಅಥವಾ ಉದ್ಯಾನ. ಭೂವ್ಯವಹಾರದವರು ಆ ನಕ್ಷೆಯನ್ನು ಮೊದಲ ದಿನವೇ ಓದುತ್ತಾರೆ, ಉಳಿದವರು ಜೆಸಿಬಿ ಬಂದ ದಿನ.

‘ನಗರ ಹಾಳಾಗುತ್ತಿದೆ’ ಎಂದು ಮೂರು ಪುಟ ಬರೆಯಬೇಡಿ. ಒಂದು ಪುಟ, ಒಂದು ವಿಷಯ. ಸರ್ವೆ ನಂಬರ್ ಹಾಕಿ. ಕಾಲುವೆಯ ಪ್ರಶ್ನೆಯಾದರೆ ಹಳೆಯ ಗ್ರಾಮನಕ್ಷೆಯ ಪ್ರತಿ ಲಗತ್ತಿಸಿ, ಮಳೆಗಾಲದಲ್ಲಿ ತೆಗೆದ ಫೋಟೊ ಸೇರಿಸಿ. ಹತ್ತು ಮನೆಯವರು ಒಂದೇ ಅರ್ಜಿಗೆ ಸಹಿ ಹಾಕುವುದಕ್ಕಿಂತ ಹತ್ತು ಅರ್ಜಿ ಬೇರೆ ಬೇರೆಯಾಗಿ ಕೊಡಿ. ಲೆಕ್ಕದ ಪುಸ್ತಕದಲ್ಲಿ ಹತ್ತು ಎಂದೇ ದಾಖಲಾಗುತ್ತದೆ. ಕೊನೆಯ ದಿನದವರೆಗೆ ಕಾಯಬೇಡಿ, ಅಂದು ಗುಮಾಸ್ತರು ರಜೆಯಲ್ಲಿರುವ ಸಂಭವ ಹೆಚ್ಚು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಮುದ್ರೆಯ ಶಾಯಿ ಒಣಗಿದೆ ಎಂದರೆ ಕಾಯುತ್ತೇನೆಂದು ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತುಕೊಳ್ಳಿ.